ಬಿಲ್ಡ್ ಸೋತಿತೆಂದರೆ ಆ ಸೋಲನ್ನು ನಂಬಬಹುದೇ?

ನಾಲ್ಕೈದು ಬಗೆಯ ಆಪರೇಟಿಂಗ್ ಸಿಸ್ಟಂಗಳಿಗೆ ಒಂದೇ ತಂತ್ರಾಂಶ ಸಂಗ್ರಹವನ್ನು ಮೂಲ ಕೋಡ್‌ನಿಂದ ಕಟ್ಟಿಕೊಡುವ, ಅಂದರೆ ಬಿಲ್ಡ್ ಮಾಡುವ, ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಉದ್ಯೋಗದ ಒಂದು ಪಾಲು. ಈ ಕೆಲಸದ ಬಗ್ಗೆ ವಿಚಾರಿಸುವವರು ಸಾಮಾನ್ಯವಾಗಿ ಮೊದಲು ಕೇಳುವುದು ಒಂದು ಸುತ್ತಿನಲ್ಲಿ ಎಷ್ಟು ಪ್ಯಾಕೇಜ್‌ಗಳು (ಸ್ಥಾಪಿಸಲು ಸಿದ್ಧವಾದ ತಂತ್ರಾಂಶದ ಕಟ್ಟುಗಳು) ಆಗುತ್ತವೆ ಎಂದು. ಸಂಖ್ಯೆಯನ್ನು ಹೇಳಬಹುದು, ಆದರೆ ಅದರಿಂದ ತಿಳಿಯುವುದು ಕಡಿಮೆ. ಸೋತವೆಂದು ವರದಿಯಾದವು ನಿಜವಾಗಿ ಸೋತಿವೆಯೇ, ಗೆದ್ದವೆಂದು ವರದಿಯಾದವು ನಿಜವಾಗಿ ಗೆದ್ದಿವೆಯೇ ಎಂಬುದನ್ನು ಖಚಿತವಾಗಿ ಹೇಳಲಾಗದ ಬಿಲ್ಡ್ ವ್ಯವಸ್ಥೆ ಎಷ್ಟೇ ವೇಗವಾಗಿದ್ದರೂ ಅದರಿಂದ ಉಪಯೋಗವಿಲ್ಲ. ನನ್ನ ಸಮಯದ ಬಹುಪಾಲು ಹೋಗುವುದು ಈ ಖಚಿತತೆಯನ್ನು ಕಾಯ್ದುಕೊಳ್ಳುವುದಕ್ಕೆ.

ನಾವು ಬಳಸುವುದು ಪ್ಯಾಕೇಜ್‌ಸೋರ್ಸ್ (pkgsrc) ಎಂಬ ವ್ಯವಸ್ಥೆಯನ್ನು. ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನ ಪೋರ್ಟ್ಸ್ ಸಂಗ್ರಹದಿಂದ 1997ರಲ್ಲಿ ಕವಲೊಡೆದ ಇದು ನೆಟ್‌ಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನ ಅಧಿಕೃತ ಪ್ಯಾಕೇಜ್ ಸಂಗ್ರಹವಾಗಿ ಬೆಳೆಯಿತು. ಆಮೇಲೆ ಲಿನಕ್ಸ್, ಮ್ಯಾಕ್‌ಓಎಸ್, ಸೊಲಾರಿಸ್, ಇಲ್ಯುಮಾಸ್ ಮೊದಲಾದ ಇಪ್ಪತ್ತಕ್ಕೂ ಹೆಚ್ಚು ವೇದಿಕೆಗಳಿಗೆ ಹಬ್ಬಿತು. ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಪ್ಯಾಕೇಜ್‌ಗಳಿರುವ ಈ ಡೈರೆಕ್ಟರಿಗಳ ಮರದಲ್ಲಿ ಪ್ರತಿ ಪ್ಯಾಕೇಜ್‌ಗೂ ಒಂದು ಸಣ್ಣ ಡೈರೆಕ್ಟರಿ ಇರುತ್ತದೆ. ಹೇಗೆ ಕಟ್ಟಬೇಕೆಂದು ಹೇಳುವ ಮೇಕ್‌ಫೈಲ್, ಮೂಲ ಕಡತಗಳ ಚೆಕ್‌ಸಮ್ (ಕಡತ ಬದಲಾಗಿಲ್ಲವೆಂದು ತಾಳೆ ನೋಡುವ ಅಂಕಿ) ಇರುವ ಡಿಸ್ಟ್‌ಇನ್ಫೋ, ಕೊನೆಗೆ ಯಾವ ಯಾವ ಕಡತಗಳು ಸ್ಥಾಪನೆಯಾಗಬೇಕೆಂಬ ಪಟ್ಟಿಯಾದ ಪಿಲಿಸ್ಟ್, ಅಗತ್ಯವಿದ್ದಲ್ಲಿ ಮೂಲ ಕೋಡ್‌ಗೆ ತಿದ್ದುಪಡಿಗಳಾದ ಒಂದಷ್ಟು ಪ್ಯಾಚ್‌ಗಳು, ಹೆಚ್ಚುಕಡಿಮೆ ಇಷ್ಟೇ. ಮೂರು ತಿಂಗಳಿಗೊಮ್ಮೆ ಹೊಸ ಕವಲು ಹೊರಡುತ್ತದೆ. 2024ರ ಮೊದಲ ತ್ರೈಮಾಸಿಕದ್ದು 2024ಕ್ಯೂ1. ಅದಕ್ಕೆ ಮುಂಚಿನ ಕೆಲವು ದಿನ ಮರವನ್ನು ಸ್ತಂಭನದಲ್ಲಿಟ್ಟು, ಹೊಸ ಆವೃತ್ತಿಗಳನ್ನು ಸೇರಿಸುವುದನ್ನು ನಿಲ್ಲಿಸಿ, ಮುರಿದಿದ್ದನ್ನು ಮಾತ್ರ ಸರಿಪಡಿಸುತ್ತಾರೆ. ಎಲ್ಲಿ ಮುರಿದಿದೆ ಎಂದು ತಿಳಿಯಲು ಇಡೀ ಮರವನ್ನು ಕಟ್ಟಿ ನೋಡುವುದೊಂದೇ ದಾರಿ.

ಹೀಗೆ ಇಡಿಯಾಗಿ ಕಟ್ಟುವುದಕ್ಕಾಗಿ ಯೋರ್ಗ್ ಸೊನ್ನೆನ್‌ಬರ್ಗರ್ ಬರೆದ ಪಿಬಲ್ಕ್ ಎಂಬ ಸಾಧನವಿದೆ. ಒಂದು ಯಂತ್ರ ಯಜಮಾನನಾಗಿ ಕೆಲಸ ಹಂಚುತ್ತದೆ, ಉಳಿದವು ಪಡೆದು ಕಟ್ಟುತ್ತವೆ. ಮೊದಲ ಹಂತದಲ್ಲಿ ಪ್ರತಿಯೊಂದು ಡೈರೆಕ್ಟರಿಗೂ ಹೋಗಿ ಆ ಪ್ಯಾಕೇಜ್‌ನ ಹೆಸರು, ಆವೃತ್ತಿ, ಅವಲಂಬನೆಗಳನ್ನು (ಅದಕ್ಕೆ ಬೇಕಾದ ಇತರ ಪ್ಯಾಕೇಜ್‌ಗಳನ್ನು) ಮೇಕ್‌ಫೈಲ್ ಓದಿ ನಡೆಸುವ ಮೇಕ್ ಸಾಧನದಿಂದಲೇ ಕೇಳಿ ತಿಳಿಯಬೇಕು; ಮೇಕ್‌ಫೈಲ್‌ಗಳು ವೇದಿಕೆಗೆ ತಕ್ಕಂತೆ ಬೇರೆ ಬೇರೆ ಉತ್ತರ ಕೊಡುವುದರಿಂದ ಈ ಸಮೀಕ್ಷೆಯನ್ನು ಪ್ರತಿ ವೇದಿಕೆಯ ಮೇಲೂ ಬೇರೆಯಾಗಿಯೇ ನಡೆಸಬೇಕಾಗುತ್ತದೆ. ಎರಡನೆಯ ಹಂತದಲ್ಲಿ ಅವಲಂಬನೆಗಳ ಜಾಲವನ್ನು ಬಿಡಿಸಿ, ಹಿಂದಿನ ಸುತ್ತಿನ ಬೈನರಿಗಳಲ್ಲಿ (ಕಟ್ಟಿ ಮುಗಿದ, ಯಂತ್ರ ಓಡಿಸಬಲ್ಲ ಕಡತಗಳಲ್ಲಿ) ಯಾವುವು ಇನ್ನೂ ಊರ್ಜಿತ, ಯಾವುವನ್ನು ಮತ್ತೆ ಕಟ್ಟಬೇಕು ಎಂಬುದು ನಿರ್ಧಾರವಾಗುತ್ತದೆ. ಆಮೇಲೆ ಕಟ್ಟುವುದು, ವರದಿ ಬರೆಯುವುದು, ಕೊನೆಗೆ ಸರ್ವರ್‌ಗೆ ಏರಿಸುವುದು.

ಪ್ಯಾಕೇಜ್‌ಸೋರ್ಸ್ ಬಹುಕಾಲ ನಡೆದುಬಂದಿದ್ದು ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಸಿವಿಎಸ್ ಎಂಬ ಹಳೆಯ ವ್ಯವಸ್ಥೆಯಲ್ಲಿ, ಮತ್ತು ಸಿವಿಎಸ್‌ನಲ್ಲಿ ಹಲವು ಕಡತಗಳ ಬದಲಾವಣೆ ಒಂದೇ ಏಟಿಗೆ ದಾಖಲಾಗುವುದಿಲ್ಲ. ಯಾರೋ ಒಂದು ಲೈಬ್ರರಿಯನ್ನು (ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಕೋಡ್ ಅನ್ನು) ನವೀಕರಿಸುತ್ತಿರುವ ನಡುವೆಯೇ ನಾವು ಮರವನ್ನು ಇಳಿಸಿಕೊಂಡರೆ ಅರ್ಧ ಹಳೆಯದು ಅರ್ಧ ಹೊಸದಾದ ಸ್ಥಿತಿ ಸಿಗಬಹುದು. ಆದ್ದರಿಂದ ಮರವನ್ನು ಒಂದೇ ಕಡೆ ಇಳಿಸಿ, ಸರಿಯಾಗಿದೆಯೆಂದು ನೋಡಿ, ಅದರ ಸ್ನ್ಯಾಪ್‌ಶಾಟ್ ತೆಗೆದು, ಎಲ್ಲ ಯಂತ್ರಗಳಿಗೂ ಅದೊಂದನ್ನೇ ಓದಲು ಮಾತ್ರ ಸಾಧ್ಯವಾಗುವಂತೆ ಕೊಡುವ ಕ್ರಮವನ್ನು ನಾವು ಬಿಡುವುದಿಲ್ಲ. ಎರಡು ಯಂತ್ರಗಳು ಎರಡು ಮರಗಳನ್ನು ಕಟ್ಟುತ್ತಿದ್ದರೆ ಅವುಗಳ ಫಲಿತಾಂಶಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ.

ಪಿಬಲ್ಕ್‌ನ ವರದಿಯನ್ನು ಓದುವುದಕ್ಕೂ ಒಂದು ಕ್ರಮವಿದೆ. ಅದು ಪ್ಯಾಕೇಜ್‌ಗಳನ್ನು ಐದು ಗುಂಪುಗಳಾಗಿ ಎಣಿಸುತ್ತದೆ: ಯಶಸ್ವಿಯಾಗಿ ಆದವು, ತಾವೇ ಸೋತವು, ಸೋತ ಪ್ಯಾಕೇಜ್‌ನ ಮೇಲೆ ಅವಲಂಬಿಸಿದ್ದರಿಂದ ಪ್ರಯತ್ನವನ್ನೇ ಮಾಡದವು, ಈ ವೇದಿಕೆಗೆ ಬೇಡವೆಂದು ಅಥವಾ ಮುರಿದಿದೆಯೆಂದು ಮೊದಲೇ ಗುರುತು ಹಾಕಿದವು, ಅಂಥವುಗಳನ್ನು ನೆಚ್ಚಿಕೊಂಡವು. ಇವುಗಳಿಗಿಂತ ಮುಖ್ಯವಾದದ್ದು ಸೋತ ಪ್ರತಿ ಪ್ಯಾಕೇಜ್‌ನ ಎದುರಿಗೆ ಬರೆದಿರುವ ಅಂಕಿ, ಅಂದರೆ ಇದು ಸೋತದ್ದರಿಂದ ಇನ್ನೆಷ್ಟು ಪ್ಯಾಕೇಜ್‌ಗಳು ಕೆಟ್ಟವು ಎಂಬ ಲೆಕ್ಕ. ಸಾವಿರಾರು ಪ್ಯಾಕೇಜ್‌ಗಳು ಆಗಲಿಲ್ಲವೆಂದು ವರದಿಯ ತಲೆಬರಹ ಹೇಳಿದರೆ ಹೊಸಬರು ಗಾಬರಿಯಾಗುತ್ತಾರೆ. ಆದರೆ ಅದರ ಬುಡದಲ್ಲಿ ಇರುವುದು ಬಹಳ ಸಲ ಪರ್ಲ್, ಪೈಥಾನ್, ಸಿಮೇಕ್ ಅಥವಾ ಗೆಟ್‌ಟೆಕ್ಸ್ಟ್‌ನಂಥ ಒಂದೇ ಪ್ಯಾಕೇಜ್, ಅದರೊಳಗೆ ಒಂದೇ ಸಾಲು. ಇನ್ನೊಂದು ಬದಿಯಲ್ಲಿ, ಸೊನ್ನೆ ಎಂದು ಬರೆದಿರುವ ನೂರು ಪ್ಯಾಕೇಜ್‌ಗಳು ನೂರು ಬೇರೆ ಬೇರೆ ಕಾರಣಗಳಿಗೆ ಸೋತಿರುತ್ತವೆ. ಅವನ್ನು ಒಂದೊಂದಾಗಿ ನೋಡದೆ ಬೇರೆ ದಾರಿಯಿಲ್ಲ.

ಸೋಲು ನಂಬಲರ್ಹವಾಗಬೇಕಾದರೆ ಪ್ರತಿ ಪ್ಯಾಕೇಜೂ ಒಂದೇ ಬಗೆಯ ಶುಚಿಯಾದ ಪರಿಸರದಲ್ಲಿ ಹುಟ್ಟಬೇಕು. ಪಿಬಲ್ಕ್ ಒಂದು ಪ್ಯಾಕೇಜ್ ಮುಗಿದ ಮೇಲೆ ಇನ್ನೊಂದಕ್ಕೆ ಕೈಹಾಕುವ ಮೊದಲು ಸ್ಥಾಪನಾ ಡೈರೆಕ್ಟರಿಯನ್ನು ಪೂರ್ತಿ ಅಳಿಸಿ, ಮೂಲ ಸಾಧನಗಳ ಕಟ್ಟನ್ನು ಹೊಸದಾಗಿ ಬಿಚ್ಚಿ, ಘೋಷಿತ ಅವಲಂಬನೆಗಳನ್ನಷ್ಟೇ ಬೈನರಿಗಳಿಂದ ಸ್ಥಾಪಿಸುತ್ತದೆ. ಇದು ನಿಧಾನ ಎನ್ನುವವರಿದ್ದಾರೆ, ನಿಧಾನವೂ ಹೌದು. ಆದರೆ ಹಾಗೆ ಮಾಡದಿದ್ದರೆ ಆಗುವುದೇನೆಂದು ನೋಡಿ. ಒಂದು ಪ್ಯಾಕೇಜ್‌ನ ಕಾನ್ಫಿಗರ್ ಸ್ಕ್ರಿಪ್ಟ್ ಯಂತ್ರದಲ್ಲಿ ಏನೇನಿದೆ ಎಂದು ಹುಡುಕುತ್ತಾ ಹೋಗುತ್ತದೆ. ಹಿಂದಿನ ಪ್ಯಾಕೇಜ್ ಬಿಟ್ಟುಹೋದ ಯಾವುದೋ ಲೈಬ್ರರಿ ಸಿಕ್ಕರೆ ಅದನ್ನು ಬಳಸಿಕೊಳ್ಳುತ್ತದೆ. ಬೈನರಿ ಚೆನ್ನಾಗಿ ಆಗುತ್ತದೆ, ಆದರೆ ಆ ಲೈಬ್ರರಿ ಬೇಕೆಂದು ಎಲ್ಲಿಯೂ ದಾಖಲಾಗಿರುವುದಿಲ್ಲವಾದ್ದರಿಂದ ಬಳಕೆದಾರನ ಯಂತ್ರದಲ್ಲಿ ಅದು ಏಳುವುದೇ ಇಲ್ಲ. ಇದನ್ನು ತಡೆಯಲು ಪ್ಯಾಕೇಜ್‌ಸೋರ್ಸ್‌ನಲ್ಲಿ ಬಿಲ್ಡ್‌ಲಿಂಕ್3 ಎಂಬ ಇನ್ನೊಂದು ಗೋಡೆಯೂ ಇದೆ. ಘೋಷಿಸಿದ ಅವಲಂಬನೆಗಳ ಹೆಡರ್ (ಫಂಕ್ಷನ್‌ಗಳನ್ನು ಘೋಷಿಸುವ ಕಡತ) ಮತ್ತು ಲೈಬ್ರರಿಗಳಿಗೆ ಮಾತ್ರ ಒಂದು ಪ್ರತ್ಯೇಕ ಡೈರೆಕ್ಟರಿಯಲ್ಲಿ ಸಾಂಕೇತಿಕ ಕೊಂಡಿಗಳನ್ನು ಮಾಡಿಟ್ಟು, ಕೋಡ್ ಅನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್‌ನ ಮುಂದೆ ಒಂದು ಹೊದಿಕೆಯನ್ನು ನಿಲ್ಲಿಸಿ, ಬೇರೆ ದಾರಿಗಳತ್ತ ತೋರಿಸುವ ಆಯ್ಕೆಗಳನ್ನು ಅದು ಕಿತ್ತು ಹಾಕುತ್ತದೆ. ಈ ಹೊದಿಕೆಗಳು ಮೊದಲು ಶೆಲ್ (ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಂ) ಓಡಿಸುವ ಸ್ಕ್ರಿಪ್ಟ್‌ಗಳಾಗಿದ್ದವು. ಪ್ರತಿಯೊಂದು ಕಂಪೈಲರ್ ಕರೆಗೂ ಅವು ಓಡಬೇಕಾಗಿದ್ದರಿಂದ ಬಿಲ್ಡ್ ತೆವಳುತ್ತಿತ್ತು. ಸಿ ಭಾಷೆಯಲ್ಲಿ ಮತ್ತೆ ಬರೆದ ಮೇಲೆ ಆ ತೊಂದರೆ ಬಹುಮಟ್ಟಿಗೆ ಹೋಯಿತು.

ಇಲ್ಲಿಯವರೆಗೆ ಹೇಳಿದ್ದು ಸದ್ದುಮಾಡಿ ಸೋಲುವ ಪ್ಯಾಕೇಜ್‌ಗಳ ವಿಷಯ. ನಿಜವಾದ ತಲೆನೋವು ಸದ್ದಿಲ್ಲದೆ ಗೆಲ್ಲುವವುಗಳದ್ದು, ಮತ್ತು ಬಹುವೇದಿಕೆಯ ವ್ಯವಸ್ಥೆಯಲ್ಲಿ ಅಂಥವು ವಿಪರೀತ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಎರಡು ಪದಗಳು ಸಮವೇ ಎಂದು ಪರೀಕ್ಷಿಸಲು ಶೆಲ್‌ನ ಟೆಸ್ಟ್ ಆಜ್ಞೆಯಲ್ಲಿ ಒಂದೇ ಸಮಚಿಹ್ನೆ ಹಾಕಬೇಕೆಂಬುದು ಯುನಿಕ್ಸ್ ಬಗೆಯ ವ್ಯವಸ್ಥೆಗಳ ಮಾನಕವಾದ ಪಾಸಿಕ್ಸ್‌ನ ನಿಯಮ. ಆದರೆ ಬ್ಯಾಶ್‌ನಂಥ ಕೆಲವು ಶೆಲ್‌ಗಳು ಎರಡು ಸಮಚಿಹ್ನೆಗಳನ್ನೂ, ಅಂದರೆ == ಅನ್ನೂ, ಒಪ್ಪಿಕೊಳ್ಳುತ್ತವೆ. ತನ್ನ ಲ್ಯಾಪ್‌ಟಾಪ್‌ನಲ್ಲಿ ಬ್ಯಾಶ್ ಇರುವ ಅಭಿವರ್ಧಕ ಕಾನ್ಫಿಗರ್ ಸ್ಕ್ರಿಪ್ಟ್‌ನಲ್ಲಿ == ಬರೆಯುತ್ತಾನೆ, ಅದು ಕೆಲಸ ಮಾಡುತ್ತದೆ, ಬಿಡುಗಡೆ ಆಗುತ್ತದೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಮೂಲ ಶೆಲ್ ಆಗಿರುವ ಡ್ಯಾಶ್‌ನಲ್ಲಿ ಅದೇ ಸಾಲು ಓಡಿದಾಗ ಅನಿರೀಕ್ಷಿತ ಚಿಹ್ನೆ ಎಂಬ ಒಂದು ಸಾಲಿನ ಗೊಣಗು ಲಾಗ್‌ನಲ್ಲಿ ಬಿದ್ದು, ಪರೀಕ್ಷೆ ಸುಳ್ಳೆಂದು ಪರಿಗಣಿತವಾಗಿ, ಸ್ಕ್ರಿಪ್ಟ್ ಮುಂದೆ ಹೋಗಿಬಿಡುತ್ತದೆ. ಬಿಲ್ಡ್ ನಿಲ್ಲುವುದಿಲ್ಲ. ಆ ಪರೀಕ್ಷೆ ಯಾವ ಸೌಲಭ್ಯವನ್ನು ಆನ್ ಮಾಡಬೇಕಿತ್ತೋ ಅದು ಆಫ್ ಆಗಿರುತ್ತದೆ ಅಷ್ಟೇ. ಟಿಎಲ್‌ಎಸ್ (ಜಾಲ ಸಂಪರ್ಕದ ಗೂಢಲಿಪೀಕರಣ) ಬೆಂಬಲವಿಲ್ಲದ ಜಾಲ ತಂತ್ರಾಂಶವೊಂದು ಹೀಗೆ ಹುಟ್ಟಿ ವರದಿಯಲ್ಲಿ ಗೆದ್ದವುಗಳ ಹಸಿರು ಬಣ್ಣದ ಸಾಲಿನಲ್ಲಿ ಕೂತಿರಬಹುದು. ಅದಕ್ಕೇ ಪ್ಯಾಕೇಜ್‌ಸೋರ್ಸ್ ಪ್ರತಿ ಪ್ಯಾಕೇಜ್‌ನ ಶೆಲ್ ಸ್ಕ್ರಿಪ್ಟ್‌ಗಳನ್ನೂ ಕಾನ್ಫಿಗರ್‌ಗೆ ಮುನ್ನ ತಡಕಾಡಿ, ಇಂಥ ಸಾಲು ಕಂಡರೆ ಬಿಲ್ಡ್‌ಅನ್ನು ಅಲ್ಲಿಯೇ ನಿಲ್ಲಿಸುತ್ತದೆ. ಬ್ಯಾಶ್ ಇರುವ ಯಂತ್ರದ ಮೇಲೂ ನಿಲ್ಲಿಸುತ್ತದೆ. ತನ್ನ ಯಂತ್ರದಲ್ಲಿ ಸರಿಯಾಗಿಯೇ ಓಡುವ ಪ್ಯಾಕೇಜ್ ಏಕೆ ಸೋಲಬೇಕು ಎಂದು ಲಿನಕ್ಸ್ ಬಳಕೆದಾರರು ಸಿಟ್ಟಾಗುವುದುಂಟು. ನನ್ನ ಮಟ್ಟಿಗೆ ಇದು ಇಡೀ ವ್ಯವಸ್ಥೆಯ ಅತ್ಯಂತ ವಿವೇಕದ ನಿರ್ಧಾರಗಳಲ್ಲೊಂದು, ಏಕೆಂದರೆ ಇನ್ನೆಲ್ಲೋ ಮೌನವಾಗಿ ಆಗಬಹುದಾದ ಕೇಡನ್ನು ಅದು ಎಲ್ಲ ಕಡೆಯೂ ಗದ್ದಲದ ಸೋಲನ್ನಾಗಿ ಮಾಡುತ್ತದೆ.

ಇದೇ ಜಾತಿಯ ದೊಡ್ಡ ಪೆಟ್ಟು ಕಂಪೈಲರ್‌ಗಳ ಕಡೆಯಿಂದ ಬಂತು. ಘೋಷಿಸದ ಫಂಕ್ಷನ್ ಅನ್ನು ಕರೆಯುವುದನ್ನು ಸಿ ಭಾಷೆಯ 1999ರ ಮಾನಕವೇ ತೆಗೆದುಹಾಕಿದ್ದರೂ ಕಂಪೈಲರ್‌ಗಳು ಎರಡು ದಶಕ ಬರೀ ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತಿದ್ದವು. 2020ರಲ್ಲಿ ಆಪಲ್‌ನ ಎಕ್ಸ್‌ಕೋಡ್ 12ರೊಂದಿಗೆ ಬಂದ ಕ್ಲ್ಯಾಂಗ್ ಕಂಪೈಲರ್ ಇದನ್ನು ದೋಷವೆಂದು ಪರಿಗಣಿಸತೊಡಗಿತು. 2023ರಲ್ಲಿ ಕ್ಲ್ಯಾಂಗ್ 16, 2024ರಲ್ಲಿ ಇನ್ನೊಂದು ಕಂಪೈಲರ್ ಆದ ಜಿಸಿಸಿ 14 ಅದೇ ದಾರಿ ಹಿಡಿದವು. ನಿರ್ಧಾರ ಸರಿಯಾದದ್ದೇ. ಹಳೆಯ ಕೋಡ್ ಕಂಪೈಲ್ ಆಗದೆ ಸೋತರೆ ಕಣ್ಣಿಗೆ ಕಾಣುತ್ತದೆ, ಪ್ಯಾಚ್ ಹಾಕಬಹುದು. ಆದರೆ ಕಾನ್ಫಿಗರ್ ಸ್ಕ್ರಿಪ್ಟ್ ತನ್ನ ಪ್ರತಿಯೊಂದು ಪರೀಕ್ಷೆಯನ್ನೂ ಮಾಡುವುದು ಒಂದು ಪುಟ್ಟ ಸಿ ಕಡತವನ್ನು ಬರೆದು ಕಂಪೈಲ್ ಮಾಡಿ ನೋಡುವುದರಿಂದ. ಆ ಪುಟ್ಟ ಕಡತದಲ್ಲಿ ಎಕ್ಸಿಟ್ ಫಂಕ್ಷನ್‌ಗೆ ಬೇಕಾದ ಹೆಡರ್ ಸೇರಿಸುವುದನ್ನು ಯಾರೋ 1990ರ ದಶಕದಲ್ಲಿ ಮರೆತಿದ್ದರೆ, ಹೊಸ ಕಂಪೈಲರ್‌ನಲ್ಲಿ ಕಡತ ಕಂಪೈಲ್ ಆಗುವುದಿಲ್ಲ, ಹಾಗಾಗಿ ಸ್ಕ್ರಿಪ್ಟ್ ಈ ವ್ಯವಸ್ಥೆಯಲ್ಲಿ ಆ ಸೌಲಭ್ಯ ಇಲ್ಲ ಎಂದು ತೀರ್ಮಾನಿಸುತ್ತದೆ. ಥ್ರೆಡ್ ಬೆಂಬಲ ಇಲ್ಲ, ದೊಡ್ಡ ಕಡತಗಳ ಬೆಂಬಲ ಇಲ್ಲ, ಎಸ್‌ಎನ್‌ಪ್ರಿಂಟ್‌ಎಫ್ ಫಂಕ್ಷನ್ ಸರಿಯಿಲ್ಲ, ಹೀಗೆ ಸುಳ್ಳು ತೀರ್ಮಾನಗಳ ಮೇಲೆ ಪ್ಯಾಕೇಜ್ ಆಗಿಬಿಡುತ್ತದೆ.

ಇಂಥದ್ದನ್ನು ಹಿಡಿಯಲು ಗೆದ್ದ ಪ್ಯಾಕೇಜ್‌ಗಳ ಲಾಗ್‌ಗಳನ್ನೂ ಉಳಿಸಿಕೊಳ್ಳಬೇಕು. ಜಾಗ ತಿನ್ನುತ್ತವೆಂದು ಅವುಗಳನ್ನು ಅಳಿಸುವ ರೂಢಿ ಹಲವು ಕಡೆ ಇದೆ. ನಾವು ಪ್ರತಿ ಪ್ಯಾಕೇಜ್‌ನ ಕಾನ್ಫಿಗರ್ ಲಾಗ್ ಅನ್ನು ತೆಗೆದಿಟ್ಟು, ಹಿಂದಿನ ಸುತ್ತಿನಲ್ಲಿ ಹೌದು ಎಂದಿದ್ದು ಈ ಸುತ್ತಿನಲ್ಲಿ ಇಲ್ಲ ಎಂದಾಗಿರುವ ಸಾಲುಗಳನ್ನು ಮಾತ್ರ ಎತ್ತಿ ತೋರಿಸುವ ಒಂದು ಸಣ್ಣ ಸ್ಕ್ರಿಪ್ಟ್ ಇಟ್ಟುಕೊಂಡಿದ್ದೇವೆ. ಕಂಪೈಲರ್ ಬದಲಾದ ಸುತ್ತಿನಲ್ಲಿ ಅದು ಕೊಡುವ ಪಟ್ಟಿ ಉದ್ದವಾಗಿರುತ್ತದೆ, ಅದರಲ್ಲಿ ಹೆಚ್ಚಿನವು ನಿರುಪದ್ರವಿ. ಓದುವುದು ಬೆಟ್ಟ ಅಗೆದು ಇಲಿ ಹಿಡಿದಂತೆಯೇ, ಆದರೆ ಆ ಇಲಿ ಬಳಕೆದಾರನ ಡೇಟಾಬೇಸ್‌ಗೆ ಸೇರಿದರೆ ಎರಡು ಗಿಗಾಬೈಟ್ ದಾಟಿದ ಕಡತವನ್ನು ಓದಲಾರದ ತಂತ್ರಾಂಶ ಅವನ ಕೈಗೆ ಸಿಗುತ್ತದೆ.

ಬಿಲ್ಡ್ ಯಂತ್ರದ ಸ್ವಂತ ಗುಣಗಳು ಬೈನರಿಯೊಳಗೆ ಸೋರುವುದು ಇನ್ನೊಂದು ಬಗೆ. ಜಿಎಂಪಿ ಎಂಬ ದೊಡ್ಡ ಸಂಖ್ಯೆಗಳ ಗಣಿತ ಲೈಬ್ರರಿ ಬೇರೇನೂ ಹೇಳದಿದ್ದರೆ ತಾನು ಕೂತಿರುವ ಪ್ರೊಸೆಸರ್ ಯಾವುದೆಂದು ನೋಡಿ, ಅದಕ್ಕೇ ಹೊಂದುವ ಅಸೆಂಬ್ಲಿ ಕೋಡ್ ಅನ್ನು ಆರಿಸಿಕೊಳ್ಳುತ್ತದೆ. ನಿಮ್ಮ ಯಂತ್ರದಲ್ಲಿ ನೀವೇ ಬಳಸುವುದಾದರೆ ಇದು ಒಳ್ಳೆಯದು. ಆದರೆ ಹೊಸ ಸರ್ವರ್ ಮೇಲೆ ಕಟ್ಟಿದ್ದನ್ನು ಹತ್ತು ವರ್ಷ ಹಳೆಯ ಯಂತ್ರಕ್ಕೆ ಕಳಿಸಿದರೆ ಅದು ಅಕ್ರಮ ಸೂಚನೆ ಎಂಬ ಸಂದೇಶ ಕೊಟ್ಟು ಸಾಯುತ್ತದೆ. ಹಲವು ಪ್ರೊಸೆಸರ್‌ಗಳ ಕೋಡ್ ಅನ್ನು ಒಟ್ಟಿಗೆ ತುಂಬಿ ಓಡುವಾಗ ಆರಿಸುವ ಫ್ಯಾಟ್ ಎಂಬ ಆಯ್ಕೆಯನ್ನು ಅದಕ್ಕೆ ಕೊಡಬೇಕು. ಕಟ್ಟುವ ಯಂತ್ರದ ಪ್ರೊಸೆಸರ್‌ಗೇ ಹೊಂದಿಸು ಎನ್ನುವ -march=native ಎಂಬ ಕಂಪೈಲರ್ ಆಯ್ಕೆಯನ್ನು ತಮ್ಮ ಮೇಕ್‌ಫೈಲ್‌ನಲ್ಲಿ ಹುದುಗಿಸಿಟ್ಟಿರುವ ತಂತ್ರಾಂಶಗಳದ್ದೂ ಇದೇ ಕತೆ. ಬಿಲ್ಡ್ ಯಂತ್ರಗಳ ಪೈಕಿ ಬೇಕೆಂದೇ ಒಂದು ಹಳೆಯ ಪ್ರೊಸೆಸರ್ ಇಟ್ಟುಕೊಂಡು, ಮುಗಿದ ಪ್ಯಾಕೇಜ್‌ಗಳನ್ನು ಅದರ ಮೇಲೆ ಒಮ್ಮೆ ಓಡಿಸಿ ನೋಡುವುದು ಯಾವ ಜಾಣ ಪರಿಶೀಲನೆಗಿಂತಲೂ ಅಗ್ಗ.

ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಕೂಡ ಸೋರುತ್ತದೆ. 64 ಬಿಟ್ ಕರ್ನಲ್ ಮೇಲೆ 32 ಬಿಟ್ ಬಳಕೆದಾರ ಪರಿಸರವನ್ನು ಸ್ಯಾಂಡ್‌ಬಾಕ್ಸ್‌ನಲ್ಲಿ (ಉಳಿದದ್ದರಿಂದ ಬೇರ್ಪಡಿಸಿದ ಆವರಣದಲ್ಲಿ) ಇಟ್ಟು ಕಟ್ಟುವಾಗ ಯಾವ ಯಂತ್ರ ಎಂದು ಕೇಳಿದರೆ ಕರ್ನಲ್ ತನ್ನ ನಿಜವನ್ನೇ ಹೇಳುತ್ತದೆ, ಮತ್ತು ಆ ನಿಜ ಇಲ್ಲಿ ತಪ್ಪು ಉತ್ತರ. ಹೊಸ ನೆಟ್‌ಬಿಎಸ್‌ಡಿ ಕರ್ನಲ್ ಮೇಲೆ ಹಳೆಯ ಬಿಡುಗಡೆಗಾಗಿ ಪ್ಯಾಕೇಜ್ ಕಟ್ಟುವಾಗಲೂ ಇದೇ ತೊಡಕು. ಅದಕ್ಕಾಗಿಯೇ ಲಿಬ್‌ಕೆವರ್ ಎಂಬ ಪುಟ್ಟ ಲೈಬ್ರರಿ ಇದೆ. ಅದು ಕರ್ನಲ್‌ನ ಆವೃತ್ತಿ ಕೇಳಿದವರಿಗೆ ನಾವು ಹೇಳಿಕೊಟ್ಟ ಉತ್ತರವನ್ನು ಒಪ್ಪಿಸುತ್ತದೆ. ಹೀಗೆ ಸುಳ್ಳು ಹೇಳುವ ತಂತ್ರಾಂಶದ ಮೇಲೆ ನಂಬಿಕೆಯನ್ನು ಕಟ್ಟುವುದು ವಿಚಿತ್ರವಾಗಿ ಕಾಣಬಹುದು, ಆದರೆ ಬಿಲ್ಡ್‌ಗೆ ಬೇಕಾಗಿರುವುದು ಗುರಿ ಯಂತ್ರದ ಸಂಗತಿ, ಕಟ್ಟುವ ಯಂತ್ರದ್ದಲ್ಲ.

ಲಿನಕ್ಸ್‌ನಲ್ಲಿ ಈ ಪ್ರಶ್ನೆ ಹೆಚ್ಚಿನ ಪ್ರೋಗ್ರಾಂಗಳು ನೆಚ್ಚುವ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯ ರೂಪದಲ್ಲಿ ಬರುತ್ತದೆ. ಹೊಸ ಜಿಲಿಬ್‌ಸಿ ಮೇಲೆ ಕಟ್ಟಿದ ಬೈನರಿ ಹಳೆಯದರ ಮೇಲೆ ಓಡದೆ ಹೋಗಬಹುದು. 2021ರ ಆಗಸ್ಟ್‌ನಲ್ಲಿ ಬಂದ 2.34ನೆಯ ಆವೃತ್ತಿಯಲ್ಲಿ ಥ್ರೆಡ್ ಲೈಬ್ರರಿ ಮುಖ್ಯ ಲೈಬ್ರರಿಯೊಳಗೇ ಸೇರಿಹೋಯಿತಲ್ಲದೆ, ಪ್ರೋಗ್ರಾಂ ಶುರುವಾಗುವ ಚಿಹ್ನೆಗೇ ಹೊಸ ಆವೃತ್ತಿ ಬಂದದ್ದರಿಂದ, ಒಂದು ಸಾಲಿನ ಪ್ರೋಗ್ರಾಂ ಕೂಡ ಅಲ್ಲಿಂದ ಹಿಂದಕ್ಕೆ ಓಡದಂತಾಯಿತು. ಹಾಗಾಗಿ ಬೆಂಬಲಿಸಬೇಕಾದ ಅತ್ಯಂತ ಹಳೆಯ ವ್ಯವಸ್ಥೆಯ ಮೇಲೆಯೇ ಕಟ್ಟಬೇಕು. ಬಹುಕಾಲ ಅದು ಜಿಲಿಬ್‌ಸಿ 2.17 ಇದ್ದ ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಆಗಿತ್ತು. 2024ರ ಜೂನ್ 30ಕ್ಕೆ ಅದರ ಆಯುಷ್ಯ ಮುಗಿದು, ಅದರ ಕಡತಗಳು ನಕಲುಗಳನ್ನು ಹಂಚುವ ಸಾಮಾನ್ಯ ಮಿರರ್ ಸರ್ವರ್‌ಗಳಿಂದ ಸಂಗ್ರಹಾಗಾರಕ್ಕೆ ಸರಿದಾಗ, ಜಗತ್ತಿನಾದ್ಯಂತ ಎಷ್ಟೋ ಬಿಲ್ಡ್ ಪರಿಸರಗಳು ಒಂದೇ ವಾರದಲ್ಲಿ ತಮ್ಮ ಮೂಲ ಪ್ಯಾಕೇಜ್‌ಗಳನ್ನು ಇಳಿಸಿಕೊಳ್ಳಲಾಗದೆ ನಿಂತವು. ಬಿಲ್ಡ್ ಪರಿಸರಕ್ಕೆ ಬೇಕಾದ ಪ್ರತಿಯೊಂದು ಕಡತದ ನಕಲು ನಮ್ಮ ಡಿಸ್ಕ್‌ನಲ್ಲೇ ಇರಬೇಕೆಂಬ ಹಳೆಯ ಹಠಕ್ಕೆ ಅಂದು ಫಲ ಸಿಕ್ಕಿತು.

ಮ್ಯಾಕ್‌ಓಎಸ್‌ನ ಕಷ್ಟಗಳು ಬೇರೆಯೇ ತರಹದವು. ಪರವಾನಗಿಯ ಪ್ರಕಾರ ಅದನ್ನು ಆಪಲ್‌ನ ಯಂತ್ರಾಂಶದ ಮೇಲೆ ಮಾತ್ರ ಓಡಿಸಬಹುದಾದ್ದರಿಂದ, ಉಳಿದೆಲ್ಲವೂ ವರ್ಚುವಲ್ ಯಂತ್ರಗಳಾಗಿ ಒಂದೇ ದೊಡ್ಡ ಸರ್ವರ್‌ನಲ್ಲಿ ಕೂತಿರುವಾಗ ಇದಕ್ಕೆ ಮಾತ್ರ ಕಪಾಟಿನಲ್ಲಿ ಬೇರೆ ಪೆಟ್ಟಿಗೆಗಳು ಬೇಕು. ಅದರ ಮಾಮೂಲಿ ಕಡತ ವ್ಯವಸ್ಥೆ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದ ಮಾಡುವುದಿಲ್ಲ. ಅಕ್ಷರದ ಗಾತ್ರದಲ್ಲಷ್ಟೇ ಬೇರೆಯಾದ ಎರಡು ಹೆಸರುಗಳಿರುವ ತಂತ್ರಾಂಶ ಅಲ್ಲಿ ತನ್ನ ಒಂದು ಕಡತದ ಮೇಲೆ ಇನ್ನೊಂದನ್ನು ತಾನೇ ಬರೆದು ಅಳಿಸಿಕೊಳ್ಳುತ್ತದೆ. 2015ರ ಎಲ್ ಕ್ಯಾಪಿಟನ್‌ನಿಂದ ಶುರುವಾದ ವ್ಯವಸ್ಥೆಯ ಸಮಗ್ರತೆಯ ರಕ್ಷಣೆ ಲೈಬ್ರರಿಗಳ ದಾರಿ ಹೇಳುವ ಪರಿಸರ ಚರಗಳನ್ನು ವ್ಯವಸ್ಥೆಯ ಶೆಲ್ ಮೂಲಕ ಹಾಯುವಾಗ ಸದ್ದಿಲ್ಲದೆ ಅಳಿಸುತ್ತದೆ. ಇನ್ನೂ ಸ್ಥಾಪನೆಯಾಗದ ಲೈಬ್ರರಿಯ ಮೇಲೆ ಪರೀಕ್ಷೆಗಳನ್ನು ಓಡಿಸುವ ಪ್ಯಾಕೇಜ್‌ಗಳಿಗೆ ಇದರಿಂದ ಪೆಟ್ಟು. 2020ರ ಬಿಗ್ ಸರ್‌ನಲ್ಲಿ ವ್ಯವಸ್ಥೆಯ ಲೈಬ್ರರಿಗಳು ಡಿಸ್ಕ್‌ನಿಂದಲೇ ಮಾಯವಾಗಿ ಒಂದು ಹಂಚಿಕೆಯ ಸಂಗ್ರಹದೊಳಗೆ ಸೇರಿದವು. ಬೈನರಿಗೆ ಬೇಕಾದ ಪ್ರತಿ ಲೈಬ್ರರಿಯೂ ಕಡತವಾಗಿ ಇದೆಯೇ ಎಂದು ನೋಡುತ್ತಿದ್ದ ಪರಿಶೀಲನೆಗಳು ಎಲ್ಲವೂ ಕಾಣೆಯಾಗಿವೆ ಎಂದು ಕೂಗಿದವು. ಆಗ ಆ ಪರಿಶೀಲನೆಯನ್ನೇ ನಿಲ್ಲಿಸಿಬಿಡುವ ಸುಲಭದ ದಾರಿ ಇತ್ತು. ಅದನ್ನು ಹಿಡಿದಿದ್ದರೆ ನಮ್ಮದೇ ಲೈಬ್ರರಿಗಳು ನಿಜಕ್ಕೂ ಕಾಣೆಯಾದಾಗ ತಿಳಿಯುತ್ತಿರಲಿಲ್ಲ.

ಅದೇ ವರ್ಷ ಮ್ಯಾಕ್‌ಗಳಿಗೆ ಬಂದ ಆರ್ಮ್ ಚಿಪ್‌ಗಳ ಮೇಲೆ ಸಹಿ ಇಲ್ಲದ ಕೋಡ್ ಓಡುವುದೇ ಇಲ್ಲ. ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕರ್ ತಾನೇ ಒಂದು ತಾತ್ಕಾಲಿಕ ಸಹಿ ಹಾಕುತ್ತದೆ, ಆಪಲ್‌ನ ಸಾಧನಗಳು ಬೈನರಿಯನ್ನು ತಿದ್ದಿದಾಗ ಸಹಿಯನ್ನು ಹೊಸದಾಗಿಸುತ್ತವೆ. ಆದರೆ ಸ್ಥಾಪನೆಯ ಕೊನೆಯಲ್ಲಿ ಬೇರೆ ಯಾವುದೋ ಸ್ಕ್ರಿಪ್ಟ್ ಬೈನರಿಯೊಳಗಿನ ಒಂದು ಹಾದಿಯನ್ನು ಬದಲಿಸಿದರೆ ಸಹಿ ಕೆಡುತ್ತದೆ, ಮತ್ತು ಓಡಿಸಲು ಹೋದವನಿಗೆ ಸಿಗುವುದು ಕೊಲ್ಲಲ್ಪಟ್ಟಿತು, 9 ಎಂಬ ಎರಡು ಪದ. ಯಾವ ಲಾಗ್‌ನಲ್ಲೂ ಬಿಲ್ಡ್ ಸೋತಿರುವುದಿಲ್ಲ. ಇದರ ನಂತರ ಮ್ಯಾಕ್‌ನಲ್ಲಿ ಪ್ರತಿ ಪ್ಯಾಕೇಜ್‌ನ ಪ್ರತಿಯೊಂದು ಬೈನರಿಯ ಸಹಿಯನ್ನೂ ಕೊನೆಯ ಹಂತದಲ್ಲಿ ಪರೀಕ್ಷಿಸುವುದನ್ನು ನಾವು ಸೇರಿಸಿಕೊಂಡೆವು.

ಮೂಲ ಕಡತಗಳು ಬದಲಾಗುವುದಿಲ್ಲ ಎಂಬ ನಂಬಿಕೆಯ ಬಗ್ಗೆಯೂ ಒಂದು ಮಾತು. 2023ರ ಜನವರಿ 30ರಂದು, ಕೋಡ್ ಇಡುವ ತಾಣವಾದ ಗಿಟ್‌ಹಬ್ ತಾನಾಗಿ ತಯಾರಿಸಿಕೊಡುವ ಟಾರ್ ಕಡತಗಳನ್ನು (ಮೂಲ ಕೋಡ್‌ನ ಕಟ್ಟುಗಳನ್ನು) ಸಂಕುಚಿಸುವ ವಿಧಾನ ಬದಲಾಯಿತು. ಒಳಗಿನ ಕೋಡ್ ಒಂದಕ್ಷರವೂ ಬದಲಾಗಿರಲಿಲ್ಲ, ಆದರೆ ಹೊರಗಿನ ಬೈಟ್‌ಗಳು ಬೇರೆಯಾದ್ದರಿಂದ ಚೆಕ್‌ಸಮ್ ತಾಳೆಯಾಗದೆ ಅನೇಕ ಪ್ಯಾಕೇಜ್ ವ್ಯವಸ್ಥೆಗಳ ಬಿಲ್ಡ್‌ಗಳು ನಿಂತವು. ಅದೇ ದಿನ ಗಿಟ್‌ಹಬ್ ಅದನ್ನು ಹಿಂತೆಗೆದುಕೊಂಡಿತು. ಇದು ಸುಳ್ಳು ಸೋಲು, ನಿಜ. ಆದರೂ ಚೆಕ್‌ಸಮ್ ತಾಳೆಯಾಗದಿದ್ದಾಗ ಹೊಸ ಚೆಕ್‌ಸಮ್ ಬರೆದು ಮುಂದೆ ಹೋಗುವ ಅಭ್ಯಾಸ ಅಪಾಯಕರ. ಬಿಡುಗಡೆಯಾದ ಕಡತವನ್ನು ಕಣ್ಣುಮುಚ್ಚಿ ನಂಬಬಾರದು ಎಂಬುದಕ್ಕೆ ಮರುವರ್ಷವೇ ಸಾಕ್ಷಿ ಸಿಕ್ಕಿತು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬಯಲಿಗೆಳೆದ, ಕಡತಗಳನ್ನು ಸಂಕುಚಿಸುವ ಎಕ್ಸ್‌ಝಡ್ ಎಂಬ ಸಾಧನದ ಪ್ರಕರಣದಲ್ಲಿ 5.6.0 ಮತ್ತು 5.6.1ನೆಯ ಆವೃತ್ತಿಗಳ ಕಳ್ಳಬಾಗಿಲನ್ನು ತೆರೆಯುವ ಸಾಲುಗಳು ಎಲ್ಲರೂ ನೋಡುವ ಗಿಟ್ ಕೋಡ್ ಕೋಶದಲ್ಲಿ ಇರಲಿಲ್ಲ. ಬಿಡುಗಡೆ ಮಾಡಿದ ಟಾರ್ ಕಡತದಲ್ಲಿ, ಕಾನ್ಫಿಗರ್‌ಗೆ ಸೇರುವ ಒಂದು ಎಂ4 ಸ್ಕ್ರಿಪ್ಟ್‌ನಲ್ಲಿ ಮಾತ್ರ ಇದ್ದವು. ಆ ಸ್ಕ್ರಿಪ್ಟ್ ತಾನು ಡೆಬಿಯನ್ ಅಥವಾ ಆರ್‌ಪಿಎಂ ಮಾದರಿಯ ಪ್ಯಾಕೇಜ್‌ನ ಬಿಲ್ಡ್‌ನೊಳಗೆ, 64 ಬಿಟ್ ಇಂಟೆಲ್ ಮಾದರಿಯ ಲಿನಕ್ಸ್ ಮೇಲೆ ಇದ್ದೇನೆಯೇ ಎಂದು ನೋಡಿಕೊಂಡು, ಹೌದಾದರೆ ಮಾತ್ರ ಕೆಲಸಕ್ಕಿಳಿಯುತ್ತಿತ್ತು. ಅಂದರೆ ದಾಳಿಕೋರನು ಗುರಿಯಿಟ್ಟದ್ದು ಬಿಲ್ಡ್ ಯಂತ್ರಗಳಿಗೇ. ಚೆಕ್‌ಸಮ್ ಇಂಥದ್ದನ್ನು ತಡೆಯುವುದಿಲ್ಲ, ಏಕೆಂದರೆ ಆ ಕಡತ ಮೊದಲಿನಿಂದಲೂ ಅದೇ ಆಗಿತ್ತು. ಆದರೆ ಯಾವ ಪ್ಯಾಕೇಜ್ ಯಾವ ಬೈಟ್‌ಗಳಿಂದ ಹುಟ್ಟಿತು ಎಂಬ ದಾಖಲೆ ಇದ್ದವರು ತಮ್ಮಲ್ಲಿ ಆ ಆವೃತ್ತಿ ಎಲ್ಲೆಲ್ಲಿ ಸೇರಿದೆ ಎಂದು ಕೂಡಲೇ ಹೇಳಬಲ್ಲವರಾಗಿದ್ದರು.

ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಆಗಮನ ಸಣ್ಣ ಯಂತ್ರಗಳಿಗೆ ಭಾರವಾಗಿದೆ. ಲಿಬ್‌ಆರ್‌ಎಸ್‌ವಿಜಿ ಎಂಬ ಚಿತ್ರ ಲೈಬ್ರರಿ 2017ರಲ್ಲಿ, ಪೈಥಾನ್‌ನ ಕ್ರಿಪ್ಟಾಗ್ರಫಿ ಲೈಬ್ರರಿ 2021ರಲ್ಲಿ ರಸ್ಟ್‌ಗೆ ತೆರೆದುಕೊಂಡ ಮೇಲೆ, ರಸ್ಟ್ ಕಂಪೈಲರ್ ಇಲ್ಲದ ಹಳೆಯ ಬಗೆಯ ಪ್ರೊಸೆಸರ್‌ಗಳಲ್ಲಿ ನೂರಾರು ಪ್ಯಾಕೇಜ್‌ಗಳ ಬಾಗಿಲು ಮುಚ್ಚಿತು. ಲಿಬ್‌ಆರ್‌ಎಸ್‌ವಿಜಿಯ ಹಳೆಯ ಸಿ ಆವೃತ್ತಿಯನ್ನು ಪ್ಯಾಕೇಜ್‌ಸೋರ್ಸ್ ಇನ್ನೂ ಉಳಿಸಿಕೊಂಡಿರುವುದು ಇದಕ್ಕೇ.

ಐಸಿಯು ಎಂಬ ಲೈಬ್ರರಿಯ ಬಗ್ಗೆ ಹೇಳದಿದ್ದರೆ ಈ ಬರಹ ಅಪೂರ್ಣ. ಭಾಷೆಗಳ ಅಕಾರಾದಿ, ದಿನಾಂಕ, ಪದವಿಭಜನೆಗಳನ್ನು ನೋಡಿಕೊಳ್ಳುವ ಈ ಲೈಬ್ರರಿಯ ಹೊಸ ಪ್ರಧಾನ ಆವೃತ್ತಿ ವರ್ಷಕ್ಕೆ ಎರಡು ಸಲ ಬರುತ್ತದೆ, ಪ್ರತಿ ಸಲವೂ ಅದರ ಬೈನರಿ ಹೆಸರು ಬದಲಾಗುತ್ತದೆ. ಹಾಗಾಗಿ ಅದನ್ನು ನೇರವಾಗಿಯೋ ಇನ್ನೊಂದರ ಮೂಲಕವೋ ನೆಚ್ಚಿರುವ ಅಷ್ಟೂ ಪ್ಯಾಕೇಜ್‌ಗಳ ಪರಿಷ್ಕರಣ ಸಂಖ್ಯೆಯನ್ನು ಒಂದೊಂದು ಏರಿಸಿ ಎಲ್ಲವನ್ನೂ ಮತ್ತೆ ಕಟ್ಟಬೇಕು. ಯಂತ್ರಗಳ ಮೇಲೆ ಇಷ್ಟೊಂದು ಹೊರೆ ಹಾಕುವ ಇನ್ನೊಂದು ಲೈಬ್ರರಿ ಸಂಗ್ರಹದಲ್ಲಿ ಕಡಿಮೆ, ಮತ್ತು ಇದನ್ನು ಮುಂದೂಡೋಣ ಎಂಬ ಒತ್ತಡ ಪ್ರತಿ ಸಲವೂ ಬರುತ್ತದೆ. ನಾನು ಒಪ್ಪುವುದಿಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಐಸಿಯುವಿನ ಕ್ರಮವನ್ನು ಆರಿಸಿಕೊಂಡಿದ್ದರೆ, ಕನ್ನಡದ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವಾಗ ಅನುಸ್ವಾರ, ವಿಸರ್ಗ, ಒತ್ತಕ್ಷರಗಳ ಸ್ಥಾನವನ್ನು ತೀರ್ಮಾನಿಸುವುದು ಇದೇ ಐಸಿಯು. ಅದರ ಆವೃತ್ತಿ ಬದಲಾದರೆ ಡೇಟಾಬೇಸ್ ತನ್ನ ಹಳೆಯ ಸೂಚಿಗಳು ಹೊಸ ಕ್ರಮಕ್ಕೆ ಹೊಂದದಿರಬಹುದೆಂದು ಎಚ್ಚರಿಸುತ್ತದೆ. ನವೀಕರಣ ಎಂದು ಆಗುತ್ತದೆಂಬುದು ಮೊದಲೇ ಗೊತ್ತಿದ್ದರೆ ಆ ದಿನಕ್ಕೆ ಸೂಚಿಗಳನ್ನು ಮತ್ತೆ ಕಟ್ಟಿಕೊಳ್ಳಲು ಬಳಕೆದಾರರು ಸಿದ್ಧರಿರುತ್ತಾರೆ.

ಒಂದು ಸಲ ಸೋತು ಇನ್ನೊಂದು ಸಲ ಗೆಲ್ಲುವ ಪ್ಯಾಕೇಜ್‌ಗಳನ್ನು ಏನು ಮಾಡಬೇಕು ಎಂಬ ವಿಷಯದಲ್ಲಿ ನಮ್ಮಲ್ಲೇ ಒಮ್ಮತವಿಲ್ಲ. ಬಹಳ ಸಲ ಕಾರಣ ಸಮಾಂತರ ಮೇಕ್, ಅಂದರೆ ಒಂದೇ ಪ್ಯಾಕೇಜ್‌ನ ಹಲವು ಕೆಲಸಗಳನ್ನು ಏಕಕಾಲಕ್ಕೆ ನಡೆಸುವುದು. ಒಂದು ಕಡತ ಇನ್ನೊಂದರಿಂದ ಹುಟ್ಟಬೇಕು ಎಂದು ಮೇಕ್‌ಫೈಲ್‌ನಲ್ಲಿ ಹೇಳಿಲ್ಲದಿದ್ದರೆ, ಎರಡು ಕೋರ್‌ಗಳಲ್ಲಿ ಸರಿಯಾಗಿಯೇ ನಡೆದದ್ದು ಮೂವತ್ತೆರಡು ಕೋರ್‌ಗಳಲ್ಲಿ ಅಪರೂಪಕ್ಕೊಮ್ಮೆ ಎಡವುತ್ತದೆ. ಸೋತರೆ ತಾನಾಗಿಯೇ ಮತ್ತೆ ಪ್ರಯತ್ನಿಸುವಂತೆ ಮಾಡಿದರೆ ವರದಿ ಚೆನ್ನಾಗಿ ಕಾಣುತ್ತದೆ ಎಂಬುದು ಒಂದು ವಾದ. ನನ್ನ ವಿರೋಧ ಅದಕ್ಕೇ, ಅದು ಚೆನ್ನಾಗಿ ಕಾಣುತ್ತದೆ ಎಂಬುದಕ್ಕೇ. ಮರುಪ್ರಯತ್ನದಿಂದ ಗೆದ್ದ ಪ್ಯಾಕೇಜ್‌ನ ಬೈನರಿಯಲ್ಲಿ ಅರ್ಧ ಬರೆದ ಕಡತವೊಂದು ಸೇರಿಲ್ಲವೆಂದು ಯಾರು ಹೇಳುತ್ತಾರೆ? ನಾವು ಈಗ ಅನುಸರಿಸುವುದು ನಡುವಿನ ದಾರಿ. ಸೋತದ್ದನ್ನು ಒಂದೇ ಕೋರ್‌ನಲ್ಲಿ ಮತ್ತೆ ಓಡಿಸುತ್ತೇವೆ, ಗೆದ್ದರೂ ಆ ಬೈನರಿಯನ್ನು ಏರಿಸುವುದಿಲ್ಲ. ಸಮಾಂತರಕ್ಕೆ ಸುರಕ್ಷಿತವಲ್ಲ ಎಂಬ ಗುರುತನ್ನು ಪ್ಯಾಕೇಜ್‌ನ ಮೇಕ್‌ಫೈಲ್‌ನಲ್ಲಿ ಹಾಕಿ, ಆ ಗುರುತಿನೊಂದಿಗೆ ಹೊಸದಾಗಿ ಕಟ್ಟಿದ್ದನ್ನು ಮಾತ್ರ ಏರಿಸುತ್ತೇವೆ.

ಏರಿಸುವುದರಲ್ಲಿ ಕ್ರಮವೊಂದನ್ನು ಬಿಟ್ಟರೆ ಹೇಳುವಂಥದ್ದೇನೂ ಇಲ್ಲ: ಮೊದಲು ಹೊಸ ಪ್ಯಾಕೇಜ್‌ಗಳು, ಅವು ಪೂರ್ತಿ ತಲುಪಿದ ಮೇಲೆ ಸಂಗ್ರಹದ ಸಾರಾಂಶ ಕಡತ, ಹಳೆಯವನ್ನು ಅಳಿಸುವುದು ಎಲ್ಲಕ್ಕಿಂತ ಕೊನೆಗೆ. ತಿರುಗಾಮುರುಗಾ ಆದರೆ ಬಳಕೆದಾರನ ಸಾಧನ ಸಾರಾಂಶದಲ್ಲಿ ಹೆಸರು ಕಂಡು ಇಲ್ಲದ ಕಡತವನ್ನು ಕೇಳುತ್ತದೆ. ಸಹಿ ಹಾಕುವ ಕೀಲಿ ಮಾತ್ರ ಯಾವ ಬಿಲ್ಡ್ ಯಂತ್ರದಲ್ಲೂ ಇರುವುದಿಲ್ಲ. ಎಲ್ಲೆಲ್ಲಿಂದಲೋ ಬಂದ ಸ್ಕ್ರಿಪ್ಟ್‌ಗಳನ್ನು ದಿನವಿಡೀ ಓಡಿಸುವ ಯಂತ್ರ ಅದನ್ನಿಡುವ ಜಾಗವಲ್ಲ.

ತ್ರೈಮಾಸಿಕದ ಸ್ತಂಭನ ಶುರುವಾದಾಗ ಉಳಿದ ಸೋಲುಗಳ ಪಟ್ಟಿಯನ್ನು ಇಟ್ಟುಕೊಂಡು ಕೂರುತ್ತೇವೆ. ಸರಿಪಡಿಸಲಾಗುವುದನ್ನು ಸರಿಪಡಿಸುವುದು, ಆಗದ್ದಕ್ಕೆ ಗುರುತು ಹಾಕುವುದು. ಪ್ಯಾಕೇಜ್‌ಸೋರ್ಸ್‌ನಲ್ಲಿ ಈ ಗುರುತುಗಳು ಎರಡು ಬಗೆ. ಈ ವೇದಿಕೆಗೆ ಇದು ಉದ್ದೇಶಿತವೇ ಅಲ್ಲ ಎಂಬುದು ಒಂದು, ಉದಾಹರಣೆಗೆ ಲಿನಕ್ಸ್ ಕರ್ನಲ್‌ನ ಸೌಲಭ್ಯವನ್ನೇ ನೆಚ್ಚಿದ ಸಾಧನಕ್ಕೆ ನೆಟ್‌ಬಿಎಸ್‌ಡಿ ಮೇಲೆ. ಆಗಬೇಕಿತ್ತು ಆದರೆ ಸದ್ಯ ಮುರಿದಿದೆ ಎಂಬುದು ಇನ್ನೊಂದು. ಎರಡರಲ್ಲೂ ಪ್ಯಾಕೇಜ್ ವರದಿಯ ಸೋಲಿನ ಪಟ್ಟಿಯಿಂದ ಹೊರಬೀಳುವುದರಿಂದ ಅವಸರದಲ್ಲಿ ಯಾವುದು ಕೈಗೆ ಸಿಕ್ಕಿತೋ ಅದನ್ನು ಹಾಕುವ ಪ್ರವೃತ್ತಿ ಇದೆ. ಮೊದಲನೆಯದನ್ನು ತಪ್ಪಾಗಿ ಹಾಕಿದರೆ ಆ ಪ್ಯಾಕೇಜ್ ಅನ್ನು ಆ ವೇದಿಕೆಯಲ್ಲಿ ಮತ್ತೆ ಯಾರೂ ಪ್ರಯತ್ನಿಸುವುದಿಲ್ಲ. ಎರಡನೆಯದನ್ನು ಹಾಕುವಾಗ ನಾವು ಪಕ್ಕದಲ್ಲೇ ಟಿಪ್ಪಣಿಯಾಗಿ ದೋಷದ ಮೊದಲ ಸಾಲನ್ನೂ, ಕಂಪೈಲರ್‌ನ ಆವೃತ್ತಿಯನ್ನೂ, ದಿನಾಂಕವನ್ನೂ ಬರೆಯುತ್ತೇವೆ. ಮುಂದಿನ ತ್ರೈಮಾಸಿಕದ ಮೊದಲ ಸುತ್ತನ್ನು ಇಂಥ ಗುರುತುಗಳನ್ನೆಲ್ಲ ತಾತ್ಕಾಲಿಕವಾಗಿ ಕಡೆಗಣಿಸಿ ಓಡಿಸುವುದರಿಂದ, ಅವುಗಳಲ್ಲಿ ಕೆಲವು ಈ ನಡುವೆ ತಾವಾಗಿ ಸರಿಹೋಗಿರುವುದು ಆಗ ತಿಳಿಯುತ್ತದೆ.